ನಲವತ್ತೆರಡನೇ ಇಸವಿಯ ಹಲ್ಲುಸೆಟ್ಟು

ಶೀನನ ಅಜ್ಜಿ ಬಾಗಿಯಮ್ಮ ಶುಕ್ರವಾರ ಬೆಳಿಗ್ಗೆ ಏಳೂಕಾಲಕ್ಕೆ ತೀರಿಕೊಂಡಳು. ಆ ಹೊತ್ತಿನಲ್ಲಿ ಅವಳು ಬಚ್ಚಲಿನ ಕಲ್ಲಿನ ಮೇಲೆ ಕೂತು ತನ್ನ ಹಲ್ಲುಸೆಟ್ಟನ್ನು ತೊಳೆಯುತ್ತಿದ್ದಳು.

ಸಾವಿನ ಸುದ್ದಿಯನ್ನು ಲೋಕಕ್ಕೆ ತಿಳಿಸಿದವನು ಶೀನನೇ. ಬಿಜೂರಿನ ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಮೂಲೆಯಲ್ಲಿ ಮಾತ್ರ. ಅಲ್ಲಿ ಒಂಟಿಕಾಲಿನಲ್ಲಿ ನಿಂತು, ಧ್ವನಿಗೆ ಸಾಕಷ್ಟು ಶೋಕ ಬರಲೆಂದು ಮೂಗು ಹಿಡಿದುಕೊಂಡು, ಅವನು ಕುಂದಾಪುರದ ಕಾಲೇಜು ಕಚೇರಿಯ ಟೈಪಿಸ್ಟ್ ಸುಗುಣಳಿಗೆ ಫೋನ್ ಮಾಡಿದ್ದ.

"ಸುಗುಣಕ್ಕ, ನಮ್ಮ್ ಅಜ್ಜಿ ಹೋದ್ರ್."

"ಎಲ್ಲಿಗ್ ಹೋದ್ರ್?"

"ಎಲ್ಲಿಗ್ ಅಂದ್ರೆ ಎಂತ ಹೇಳೂದ್... ತೀರಿ ಹೋದ್ರ್."

"ಅಯ್ಯೋ ದೇವ್ರೇ! ಹ್ಯಾಂಗೆ ಮಾರಾಯಾ?"

"ಮಲ್ಗಿದಲ್ಲೇ. ಇವತ್ತ್ ಬಪ್ಪುಕಾತಿಲ್ಲೆ ಅಂದ್ ಶೆಟ್ರಿಗ್ ಹೇಳಿ."

"ಹೇಳ್ತೆ, ಹೇಳ್ತೆ. ಅಪ್ಪನ ಬದಿ ಅಜ್ಜಿಯಾ, ಅಮ್ಮನ ಬದಿ ಅಜ್ಜಿಯಾ? ಚೀಟಿಯಗೆ ಬರೂಕೆ ಕೇಂಡದ್."

"ಅಜ್ಜಿ ಅಂದ್ ಬರ್ದ್ರೆ ಸಾಕ್ ಸುಗುಣಕ್ಕ. ಸತ್ತವ್ರಿಗೆ ಬದಿ ಎಂತಕೆ?"

ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಫೋನಿಟ್ಟ ಮೇಲೂ ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡ.

ಬಾಗಿ ಅಜ್ಜಿ ಬಚ್ಚಲಿನಿಂದಲೇ ಕೇಳಿದಳು: "ಯಾರ್ ಮಗಾ ಹೋದದ್?"

"ನಮ್ಮ್ ಆಫೀಸಿನವ್ರ ಅಜ್ಜಿ, ಅಮ್ಮಮ್ಮ."

"ಪಾಪ. ಪ್ರಾಯ ಎಷ್ಟೋ?"

"ಎಂಬತ್ತೆರಡ್ ಅಂಬ್ರ್."

"ನನ್ನದೇ ಪ್ರಾಯ," ಎಂದು ಅಜ್ಜಿ ನಿಟ್ಟುಸಿರುಬಿಟ್ಟು ಹಲ್ಲು ಹಾಕಿಕೊಂಡಳು.

ಶೀನ ಸ್ವಭಾವತಃ ಸುಳ್ಳುಗಾರನಲ್ಲ. ಸುಳ್ಳು ಹಿಡಿಯುವುದೇ ಅವನ ಹವ್ಯಾಸವಾಗಿತ್ತು. ಹಗಲಿಡೀ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ವಾರಕ್ಕೊಮ್ಮೆ ಕುಂದಾಪುರದ ಒಂದು ಪುಟ್ಟ ವಾರಪತ್ರಿಕೆಗೆ 'ಕಂಡದ್ದೇ ತಪ್ಪು' ಎಂಬ ಅಂಕಣ ಬರೆಯುತ್ತಿದ್ದ. ಹನ್ನೆರಡನೇ ಶತಮಾನದ ರಾಜನ ತೋಳಿನಲ್ಲಿ ಸಿಡುಬಿನ ಚುಚ್ಚುಮದ್ದಿನ ಕಲೆ, ಋಷ್ಯಾಶ್ರಮದ ಆಕಾಶದಲ್ಲಿ ವಿಮಾನದ ಹೊಗೆ, ಒಂದೇ ಹಾಡಿನಲ್ಲಿ ನಾಯಕಿಯ ಎಡಜಡೆಯಿಂದ ಬಲಜಡೆಗೆ ನಡೆದುಹೋದ ಮಲ್ಲಿಗೆ, ಇವನ್ನೆಲ್ಲ ಅವನು ಅನ್ನದಲ್ಲಿ ಕಲ್ಲು ಹೆಕ್ಕುವವನ ಶ್ರದ್ಧೆಯಿಂದ ಹೆಕ್ಕಿ ಬರೆಯುತ್ತಿದ್ದ. ಅವನ ಜೊತೆ ಸಿನಿಮಾಕ್ಕೆ ಒಮ್ಮೆ ಹೋದವರು ಎರಡನೇ ಸಲ ಹೋಗುತ್ತಿರಲಿಲ್ಲ. ಅನುವಾದಗೊಂಡ ಕಾದಂಬರಿಗಳನ್ನು ಓದಿ ಓದಿ, ಗುಮಾಸ್ತನಾದವನಿಗೆ ಒಂದು ದೊಡ್ಡ ದುರಂತ ಕಾದೇ ಇರುತ್ತದೆ ಎಂದೂ ಅವನು ನಂಬಿದ್ದ. ಆದರೆ ಅದು ಹಿಮ ಬೀಳುವ ಊರಿನಲ್ಲಿ, ಗಂಭೀರವಾಗಿ ನಡೆಯುತ್ತದೆ ಎಂದುಕೊಂಡಿದ್ದ.

ಆ ಚುಚ್ಚುಮದ್ದಿನ ರಾಜನ ಸಿನಿಮಾ ಮಾಡಿದ ನಿರ್ದೇಶಕರಿಗೆ ಯಾರೋ ಅಂಕಣ ಓದಿಸಿದರು. ಬೈಗುಳ ಬರಬಹುದೆಂದು ಹೆದರಿದ್ದ ಶೀನನಿಗೆ ಬೆಂಗಳೂರಿನಿಂದ ಫೋನೇ ಬಂತು.

"ಏನ್ ಸ್ವಾಮಿ, ತಪ್ಪು ಆದ್ಮೇಲೆ ಬರೀತೀರಲ್ಲ, ಆಗೋಕ್ ಮುಂಚೆ ಬಂದು ತಡೀರಿ ನೋಡಣ. ನಿಮ್ ಕಡೇನೇ ಶೂಟಿಂಗ್ ಇಟ್ಕೊಂಡಿದೀನಿ. ನಲವತ್ತೆರಡನೇ ಇಸವಿ ಕತೆ. ಒಂದ್ ಹಳೇ ಮನೆ ಬೇಕು. ಒಂದೇ ಒಂದು ತಪ್ಪು ಇಲ್ದೆ ಶಾಟ್ ತೆಗೆಸ್ಕೊಟ್ರೆ ಟೈಟಲ್ನಲ್ಲಿ ನಿಮ್ ಹೆಸರು ಹಾಕ್ತೀನಿ."

ಶೀನ ಆ ರಾತ್ರಿಯೇ ತನ್ನ ಹೆಸರನ್ನು ಪರದೆಯ ಮೇಲೆ ಕಂಡುಬಿಟ್ಟ. 'ಕಾಲದೋಷ ನಿವಾರಣೆ: ಶ್ರೀನಿವಾಸ ಬಿಜೂರು'. ಸ್ವಲ್ಪ ಜೋಯಿಸರ ಬೋರ್ಡಿನ ಹಾಗೆ ಕೇಳಿಸಿದರೂ ಅಕ್ಷರಗಳು ದೊಡ್ಡದಾಗಿದ್ದವು. ಹಳೇ ಮನೆಯೆಂದು ಅಜ್ಜಿಯ ಮನೆಯನ್ನೇ ತೋರಿಸಿದ. ಹೆಮ್ಮೆ ತಡೆಯಲಾರದೆ ಕಳೆದ ವಾರದ ಅಂಕಣದ ಕೊನೆಯಲ್ಲಿ ಒಂದು ಸಾಲನ್ನೂ ಸೇರಿಸಿದ: 'ಬರುವ ಶುಕ್ರವಾರ ನಮ್ಮ ಮನೆಯಂಗಳದಲ್ಲೇ ತಪ್ಪಿಲ್ಲದ ಚಿತ್ರವೊಂದು ಹುಟ್ಟಲಿದೆ.'

ಉಳಿದದ್ದು ರಜೆ. ಅದು ಪರೀಕ್ಷೆಯ ಹಾಲ್ ಟಿಕೆಟ್ ಬರೆಯುವ ವಾರ. ಎರಡು ವರ್ಷದ ಹಿಂದೆ ವರ್ಗವಾಗಿ ಬಂದ ಹೆಡ್ ಕ್ಲಾರ್ಕ್ ರಾಜೀವ ಶೆಟ್ಟರು ಸೋಮವಾರವೇ ಗುಡುಗಿದ್ದರು: "ಈ ವಾರ ಮದಿ, ಮುಂಜಿ, ಹೊಟ್ಟಿನೋವ್ ಯಾವ್ದೂ ನಡೂದಿಲ್ಲ. ಯಾರಾರೂ ಸತ್ತ್ರೆ ಮಾತ್ರ ರಜೆ." ಶೆಟ್ಟರು ಕಟ್ಟುನಿಟ್ಟಿನ ಮನುಷ್ಯ. ಪ್ರಾಯಕಾಲದಲ್ಲಿ ಸಂಘದ ಯಕ್ಷಗಾನದಲ್ಲಿ ಹೆಣ್ಣುವೇಷ ಹಾಕಿ ಊರ ಹೆಂಗಸರನ್ನೆಲ್ಲ ಅಳಿಸುತ್ತಿದ್ದರಂತೆ ಎಂದು ಸುಗುಣ ಹೇಳಿದರೆ ಕಚೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಹೀಗಾಗಿ ಶೀನನಿಗೆ ಬೇರೆ ದಾರಿಯಿರಲಿಲ್ಲ. ಅಜ್ಜಿ ಸಾಯಲೇಬೇಕಾಯಿತು.

ಎಂಟು ಗಂಟೆಗೆ ಸಿನಿಮಾದವರ ಲಾರಿಗಳು ಬಂದವು. ತೆಗೆಯಬೇಕಾದದ್ದು ಒಂದೇ ದೊಡ್ಡ ದೃಶ್ಯ: ಸ್ವಾತಂತ್ರ್ಯ ಹೋರಾಟಗಾರನೊಬ್ಬನ ಅಜ್ಜಿ ತೀರಿಕೊಂಡಿದ್ದಾಳೆ, ಶವ ಜಗಲಿಯಲ್ಲಿದೆ, ಊರವರು ಸೇರಿದ್ದಾರೆ, ತಲೆಮರೆಸಿಕೊಂಡ ಮೊಮ್ಮಗನನ್ನು ಹಿಡಿಯಲು ಪೊಲೀಸರು ಕಾದಿದ್ದಾರೆ. ಇದನ್ನು ಕೇಳಿದಾಗ ಶೀನನಿಗೆ ಎದೆಯಲ್ಲಿ ಸಣ್ಣಗೆ ಚುಳ್ಳೆಂದಿತು. ಆದರೆ ಕರ್ತವ್ಯದ ಎದುರು ಎದೆಯ ಮಾತನ್ನು ಕೇಳುವವನಲ್ಲ ಅವನು.

ಮೊದಲು ಊರವರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದ. ಹನ್ನೊಂದು ಗಡಿಯಾರ, ನಾಲ್ಕು ಪ್ಲಾಸ್ಟಿಕ್ ಬಾಚಣಿಗೆ, ಎರಡು ಬಾಲ್‌ಪೆನ್ನು ಸಿಕ್ಕಿದವು. ಗಾಂಧಿಟೋಪಿ ಹಾಕಿ ಗಂಭೀರವಾಗಿ ನಿಂತಿದ್ದ ಗುಡ್ಡನ ಕಚ್ಚೆಯೊಳಗಿಂದ ಇದ್ದಕ್ಕಿದ್ದಂತೆ ಭಜನೆ ಕೇಳಿಬಂತು. ಅಲಾರಂ ಹೊಡೆಯುತ್ತಿದ್ದ ಮೊಬೈಲನ್ನು ಹೊರಗೆಳೆಯುವುದರೊಳಗೆ ಗುಡ್ಡನಿಗೂ ಶೀನನಿಗೂ ಮರ್ಯಾದೆ ಹೋಗುವಷ್ಟು ಎಳೆದಾಟ ನಡೆಯಿತು. ಬಾವಿಕಟ್ಟೆಯ ನೀಲಿ ಕೊಡಪಾನ ಹೋಗಿ ತಾಮ್ರದ್ದು ಬಂತು. ಡಿಶ್ ಆಂಟೆನಾದ ಮೇಲೆ ತೆಂಗಿನ ಮಡಲು ಬಿತ್ತು. ಆಚೆಮನೆಯ ಜಲಜ, ಹೂವಿನ ನೈಟಿಯ ಮೇಲೆ ಬೈರಾಸು ಟವೆಲು ಹೊದ್ದುಕೊಂಡು ಬೇಲಿಯ ಹತ್ತಿರ ನಿಂತಿದ್ದವಳು, ಕ್ಯಾಮೆರಾದ ಕಣ್ಣಿಗೆ ನೇರವಾಗಿ ಬೀಳುತ್ತಿದ್ದಳು.

"ಜಲಜಕ್ಕ, ಒಳಗ್ ಹೋಯ್ನಿ. ನಲವತ್ತೆರಡ್ರಗೆ ನೈಟಿ ಇಲ್ಲೆ."

"ನಲವತ್ತೆರಡ್ರಗೆ ನೀನೂ ಇಲ್ಲೆ ಮಾರಾಯಾ. ನೀ ಎಂತಕೆ ಇಲ್ಲ್ ನಿಂತದ್?"

ಶೀನ ಏಣಿ ಇಟ್ಟು ಮನೆಯ ಮಾಡಿಗೆ ಹತ್ತಿದ. ಹಂಚಿನ ಮೇಲೆ ಕಾರ್ಖಾನೆಯವರು ಇಸವಿ ಒತ್ತಿರುತ್ತಾರೆ ಎಂದು ಅವನಿಗೆ ನೆನಪಾಗಿತ್ತು. ಐವತ್ತಾರನೇ ಇಸವಿಯ ಮೂರು ಹಂಚು ಸಿಕ್ಕಿದವು. ಅವನ್ನು ಮಗುಚಿ ಹಾಕುವಾಗ ನಾಲ್ಕು ಹಂಚು ಒಡೆದವು.

"ರೀ, ಕೆಳಗಿಂದ ಅದು ಇರುವೆಗೂ ಕಾಣ್ಸಲ್ಲ!" ಎಂದು ನಿರ್ದೇಶಕರು ಕೂಗಿದರು.

"ತಪ್ಪು ತಪ್ಪೇ ಸರ್," ಎಂದ ಶೀನ ಮಾಡಿನ ಮೇಲಿಂದ.

"ಹೆಣವೇ ಇನ್ನೂ ಬೀಳ್ಲಿಲ್ಲೆ, ಇವ ಆಗ್ಳೇ ಮಾಡ್ ಒಡೂಕ್ ಹತ್ತಿದ," ಎಂದಳು ಜಲಜ, ಒಳಗೆ ಹೋದಂತೆ ಮಾಡಿ ಕಿಟಕಿಯಿಂದ.

ಕೆಳಗಿಳಿದರೆ ಅಂಗಳದಲ್ಲಿ ಒಂದು ಬಿಳೀ ಕೋಳಿ ಓಡಾಡುತ್ತಿತ್ತು. ಮಧ್ಯಾಹ್ನದ ಸಾರಿಗೆಂದು ಸಿನಿಮಾದ ಅಡುಗೆಯವರು ತಂದ ಬಾಯ್ಲರ್ ಕೋಳಿ ಗೂಡಿನಿಂದ ತಪ್ಪಿಸಿಕೊಂಡಿತ್ತು. ನಲವತ್ತೆರಡರಲ್ಲಿ ಬಾಯ್ಲರ್ ಕೋಳಿ! ಶೀನ ಅದರ ಹಿಂದೆ ಬಿದ್ದ. ಮೈಗಳ್ಳ ಜಾತಿಯೆಂದು ಹೆಸರಾದ ಆ ಕೋಳಿ, ಪ್ರಾಣಕ್ಕೆ ಬಂದಾಗ ಪಕ್ಕದ ನೆಲಗಡಲೆ ಗದ್ದೆಯಲ್ಲಿ ಕುದುರೆಯಂತೆ ಓಡಿತು. ಅರ್ಧ ಗಂಟೆಯ ನಂತರ ಶೀನ ಕೋಳಿಯನ್ನೂ, ಒಂದು ಕಾಲಿನ ಚಪ್ಪಲಿಯನ್ನೂ ಹಿಡಿದುಕೊಂಡು ಬಂದ. ಇನ್ನೊಂದು ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ಅಷ್ಟರಲ್ಲಿ ಜಗಲಿಯಲ್ಲಿ ಗಲಾಟೆ. ಹೆಣದ ಪಾತ್ರಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಹಿರಿಯ ನಟಿಯನ್ನು ಬಾಗಿ ಅಜ್ಜಿ ಕಂಬಕ್ಕೆ ಒರಗಿ ಕೂತು ಪರೀಕ್ಷಿಸುತ್ತಿದ್ದಳು.

"ನಲವತ್ತೆರಡ್ರಗೆ ನಂಗ್ ಹದ್ನೈದ್ ವರ್ಷ," ಎನ್ನುತ್ತಿದ್ದಳು. "ನಮ್ಮ್ ಅಜ್ಜಿಯಕ್ಳ್ ರವಕಿ ಹಾಕೂದ್ ನಾ ಕಂಡದ್ದೇ ಇಲ್ಲೆ. ಈ ಹೆಂಗ್ಸಿನ್ ರವಕಿಗೆ ಹುಕ್ ಬ್ಯಾರೆ!"

ಶೀನನ ಮುಖ ಸಣ್ಣದಾಯಿತು. ಮಾಡಿನ ಮೇಲಿನ ಹಂಚನ್ನು ಓದಿದವನಿಗೆ ಕಣ್ಣೆದುರಿನ ರವಕೆ ಕಂಡಿರಲಿಲ್ಲ. ನಟಿಗೆ ಇದೇ ನೆಪ ಸಾಕಾಯಿತು. ಶುಕ್ರವಾರದ ದಿನ ಹೆಣವಾಗುವುದೇ ಅಪಶಕುನ, ಮೇಲಿಂದ ರವಕೆಯನ್ನೂ ಬಿಚ್ಚಬೇಕೇ ಎಂದು ಸಿಡುಕಿ ಅವರು ಹೋಗಿ ಕಾರಿನಲ್ಲಿ ಕೂತುಬಿಟ್ಟರು.

ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತರು. ಆಗ ಬಾಗಿ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು.

"ನಾ ಮಲ್ಗ್ತೆ. ಹ್ಯಾಂಗೂ ಅಭ್ಯಾಸ ಬೇಕಲ್ದಾ."

ಬಿಳೀ ಬಟ್ಟೆ ಹೊದ್ದು, ತಲೆಯ ಬದಿಗೆ ದೀಪ ಇಡಿಸಿಕೊಂಡು ಮಲಗಿದ ಬಾಗಿ ಅಜ್ಜಿಯನ್ನು ನೋಡಿ ನಿರ್ದೇಶಕರು ಕೈ ಮುಗಿದರು. ಅಷ್ಟು ಸಹಜವಾಗಿ ಸತ್ತಿದ್ದಳು. ಶೀನ ಮಾತ್ರ ಬಗ್ಗಿ ನೋಡಿ ತಲೆಯಾಡಿಸಿದ.

"ಅಮ್ಮಮ್ಮ, ಹಲ್ಲ್ ತೆಗಿ. ಆ ಕಾಲದಗೆ ಬಿಜೂರಗೆ ಹಲ್ಲ್‌ಸೆಟ್ ಎಲ್ಲಿತ್ತ್?"

"ಬಾಯಿ ಮುಚ್ಚ್ಕಂಡ್ ಸಾಯ್ತೆ ಮಾರಾಯಾ. ಯಾರಿಗ್ ಕಾಂತ್?"

"ಬಾಯಿ ತೆರದ್ರೆ?"

"ಸತ್ತವ್ಳ್ ಬಾಯಿ ಎಂತಕೆ ತೆರಿತೆ?"

ವಾದದಲ್ಲಿ ಅಜ್ಜಿ ಗೆದ್ದಳು. ಹಲ್ಲು ತೆಗೆಸುವುದರಲ್ಲಿ ಶೀನ ಗೆದ್ದ. ಗುಲಾಬಿ ವಸಡಿನ ಆ ಸೆಟ್ಟನ್ನು ಇಡಲು ಬೇರೆ ಜಾಗ ಸಿಗದೆ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ಆಗಲೇ ಬಾವಿಕಟ್ಟೆಯ ಮೂಲೆಯಲ್ಲಿ ಅಡಗಿಸಿಟ್ಟಿದ್ದ ಮೊಬೈಲು ನಡುಗಿತು. ಶೀನ ಓಡಿ ಒಂಟಿಕಾಲಿನಲ್ಲಿ ನಿಂತ.

"ಶೀನ, ನಾವ್ ನಾವುಂದ ದಾಟ್ತ್," ಎಂದಳು ಸುಗುಣ.

"ಎಲ್ಲಿಗ್ ಹೊರ್ಟದ್?"

"ನಿಮ್ಮಲ್ಲಿಗೆ! ಅಜ್ಜಿಯ ಮುಖ ಕಾಂಬುಕೆ. ಶೆಟ್ರೇ ಹೊರ್ಟ್ರ್ ಮಾರಾಯಾ. ಹಾಲ್ ಟಿಕೆಟ್ ನಾಳಿಗೂ ಬರೀಲಕ್ಕ್, ಅಜ್ಜಿ ನಾಳಿಗ್ ಸಿಕ್ಕೂದಿಲ್ಲ ಅಂದ್ರ್. ಪ್ಯೂನ್ ಪ್ರವೀಣನ ಓಮ್ನಿಯಗೆ ಬತ್ತಿತ್."

ಶೀನನ ಎತ್ತಿದ ಕಾಲು ತಾನಾಗಿ ಕೆಳಗಿಳಿಯಿತು. ಫೋನು ಕಟ್ಟಾಯಿತು.

ನಾವುಂದದಿಂದ ಬಿಜೂರಿಗೆ ಓಮ್ನಿಯಲ್ಲಿ ಹತ್ತು ನಿಮಿಷ. ಶೀನ ಆ ಹತ್ತು ನಿಮಿಷದಲ್ಲಿ ಏಳು ನಿಮಿಷ ಸುಮ್ಮನೆ ಬೆವರಿದ. ಎಂಟನೆಯ ನಿಮಿಷಕ್ಕೆ ಅವನ ದೃಷ್ಟಿ ಜಗಲಿಯ ಮೇಲೆ ಬಿತ್ತು. ಅಜ್ಜಿ ಸತ್ತಿದ್ದಾಳೆ ಎಂದು ಹೇಳಿದ್ದ. ಅಲ್ಲಿ ಅಜ್ಜಿ ಸತ್ತು ಮಲಗಿದ್ದಳು. ದೀಪ ಉರಿಯುತ್ತಿತ್ತು. ಊರವರು ಸುತ್ತ ಕೂತಿದ್ದರು. ಇಷ್ಟು ಪರಿಪೂರ್ಣವಾದ ಸುಳ್ಳನ್ನು ಅವನು ಯಾವ ಸಿನಿಮಾದಲ್ಲೂ ಕಂಡಿರಲಿಲ್ಲ. ಅಜ್ಜಿ ಏಳದಿದ್ದರೆ ಸಾಕು!

ಓಡಿಹೋಗಿ ಅವಳ ಕಿವಿಯಲ್ಲಿ ಎಲ್ಲವನ್ನೂ ಉಸುರಿದ. ಹೆಣ ಒಂದು ಕಣ್ಣು ಬಿಟ್ಟಿತು.

"ಅಂದ್ರೆ ಬೆಳಿಗ್ಗೆ ನೀ ಕೊಂದ ಅಜ್ಜಿ ನಾನಾ?"

"ಕಾಲ್ ಹಿಡಿತೆ ಅಮ್ಮಮ್ಮ. ಅವ್ರ್ ಹೋಪಲ್ಲಿವರಿಗೆ ಏಳ್ಬ್ಯಾಡ."

"ಏಳ್ತಿಲ್ಲೆ. ಹಲ್ಲ್ ಕೊಡ್. ಪರ ಊರಿನವ್ರ್ ಬತ್ತ್ರ್ ಅಂಬ್ರ್, ಹಲ್ಲಿಲ್ದೆ ಅವ್ರೆದ್ರ್ ಹ್ಯಾಂಗ್ ಸಾಯೂದ್?"

"ನಲವತ್ತೆರಡ್ರಗೆ—"

"ನಿನ್ ನಲವತ್ತೆರಡಕ್ಕ್ ಬೆಂಕಿ ಬೀಳ," ಎಂದು ಹೆಣ ಕಣ್ಣು ಮುಚ್ಚಿಕೊಂಡಿತು.

ಶೀನ ನಿರ್ದೇಶಕರ ಬಳಿಗೆ ಓಡಿದ. "ಸರ್, ಜನ ಕಡಿಮೆಯಾಯ್ತು. ಕುಂದಾಪುರದಿಂದ ಇಬ್ಬರು ಬರುತ್ತಿದ್ದಾರೆ. ಒಳ್ಳೆಯವರು. ಹೆಣದ ಹತ್ತಿರ ಕೂರುತ್ತಾರೆ. ನಾನೂ ಜೊತೆಗೆ ಕೂರುತ್ತೇನೆ."

"ಕೂತ್ಕೊಳ್ಳಿ ಸ್ವಾಮಿ. ಬಿಸಿಲು ನೆತ್ತಿಗೆ ಬರೋಕ್ ಮುಂಚೆ ಯಾರಾದ್ರೂ ಅಳ್ರಿ ಸಾಕು."

ಈಗ ಒಂದು ಕಡೆಗೆ ಅವರು ನಟರು, ಇನ್ನೊಂದು ಕಡೆಗೆ ಇದು ಸಾವು. ನಡುವೆ ಶೀನ. ತಾನು ಕ್ಯಾಮೆರಾದೆದುರು ಕೂರುವುದಾದರೆ ತನ್ನಲ್ಲೂ ತಪ್ಪಿರಬಾರದಲ್ಲ! ಬಟ್ಟೆಯ ಪೆಟ್ಟಿಗೆಯಿಂದ ಖಾದಿ ಜುಬ್ಬ, ಪಂಚೆ ತೆಗೆದು ಹಾಕಿಕೊಂಡ. ಗಡಿಯಾರ ಬಿಚ್ಚಿದ, ಕನ್ನಡಕ ತೆಗೆದ, ಬನಿಯನ್ನಿನ ಕಂಪೆನಿಯ ಚೀಟಿ ಕುತ್ತಿಗೆಯ ಹಿಂದೆ ಇಣುಕುತ್ತಿದೆಯೇ ಎಂದು ಮುಟ್ಟಿ ನೋಡಿಕೊಂಡ. ಅಂಗಿಯ ಜೇಬಿನಲ್ಲಿದ್ದುದನ್ನೆಲ್ಲ ಗಡಿಬಿಡಿಯಲ್ಲಿ ಜುಬ್ಬದ ಜೇಬಿಗೆ ಸುರಿದುಕೊಂಡ.

ಓಮ್ನಿ ಬಹಳ ದೂರದಲ್ಲಿ, ಹುಲ್ಲುಬಣವೆಯ ಹಿಂದೆ ನಿಂತಿತು. ರಾಜೀವ ಶೆಟ್ಟರು ನಡೆದು ಬಂದರು. ಬಿಳೀ ಪಂಚೆ, ಬರಿಮೈಗೆ ಬಿಳೀ ಶಾಲು, ಬರಿಗಾಲು. ಕೈಯಲ್ಲಿ ಗಡಿಯಾರವಿಲ್ಲ, ಅದರ ಬಿಳಿಯ ಕಲೆಗೂ ವಿಭೂತಿ ಬಳಿದಿದ್ದರು. ಕನ್ನಡಕವಿಲ್ಲದೆ ದಾರಿ ತಡವರಿಸುತ್ತಿದ್ದರು. ಹಿಂದೆ ಸುಗುಣ, ಅಂಚಿನ ನೂಲಿನ ಸೀರೆಯುಟ್ಟು, ಕ್ಲಿಪ್ಪಿಲ್ಲದ ತುರುಬು ಕಟ್ಟಿಕೊಂಡು ಬರುತ್ತಿದ್ದಳು. ಶೀನನ ಕಣ್ಣು ಅಭ್ಯಾಸಬಲದಿಂದ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿತು. ಒಂದೇ ಒಂದು ತಪ್ಪಿಲ್ಲ! ಸಾವಿನ ಮನೆಗೆ ಎಂಥಾ ಮರ್ಯಾದೆ ಎಂದು ಅವನು ಮನಸ್ಸಿನಲ್ಲೇ ಕೈ ಮುಗಿದ.

"ಅದೆಂತ ಶೀನ, ಕ್ಯಾಮೆರಾ?" ಎಂದು ಶೆಟ್ಟರು ಮೆಲ್ಲಗೆ ಕೇಳಿದರು.

"ಬೊಂಬಾಯಿ ಮಾವನಿಗೆ ಸರ್. ಬಪ್ಪುಕಾಯ್ಲಿಲ್ಲೆ ಅವ್ರಿಗೆ. ವಿಡಿಯೋ ಮಾಡಿ ಕಳ್ಸಿ ಅಂದ್ರ್."

"ಹಳಿ ಮೇಲ್ ಓಡು ಕ್ಯಾಮೆರಾವಾ?"

"ಮಾವ ಹೋಟ್ಲಿನವ್ರ್ ಸರ್. ಅವ್ರದ್ದೆಲ್ಲ ದೊಡ್ಡದೇ."

"ಹೌದ್, ಹೌದ್. ಆ ಕೆಂಪ್ ಮುಂಡಾಸ್, ಖಾಕಿ ಚಡ್ಡಿಯವ್ರ್ ಯಾರ್?"

"ಹೋಂ ಗಾರ್ಡ್ ಸರ್. ಜನ ಜಾಸ್ತಿ ಆಪುದಲ್ದಾ."

"ಅಜ್ಜಿಗ್ ಎಷ್ಟ್ ಜನಬಳಕಿ ಇದ್ದಿತ್, ಪಾಪ," ಎಂದು ಸುಗುಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದುಃಖದಿಂದ ಅವಳ ಭುಜಗಳು ಕುಲುಕುತ್ತಿದ್ದವು.

"ಸೈಲೆನ್ಸ್!" ಎಂದು ಯಾರೋ ಕೂಗಿದರು.

"ಮೌನ ಪ್ರಾರ್ಥನೆ ಸರ್," ಎಂದ ಶೀನ.

ಕ್ಯಾಮೆರಾ ಹಳಿಯ ಮೇಲೆ ಮೆಲ್ಲಗೆ ಮುಂದೆ ಬಂತು. ರಾಜೀವ ಶೆಟ್ಟರು ಜಗಲಿಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತರು. ಕಂಬ ಹಿಡಿದುಕೊಂಡರು. ಆಮೇಲೆ ಕುಸಿದು ಕೂತು ಅತ್ತರಲ್ಲ, ಆ ಅಳು! ಮೊದಲು ತುಟಿ ಅದುರಿತು, ಆಮೇಲೆ ಗಲ್ಲ, ಆಮೇಲೆ ಇಡೀ ಶಾಲು.

"ಅಮ್ಮಾ! ಈ ಮನೆಯ ಬೆಳಕು ಆರಿಹೋಯಿತೇ! ಕತ್ತಲೆಯಲ್ಲಿ ನಿನ್ನ ಮೊಮ್ಮಗ ಯಾರ ಬೆರಳು ಹಿಡಿದು ನಡೆಯಲಿ, ತಾಯೇ!"

ದುಃಖ ಹೆಚ್ಚಾದಾಗ ಮನುಷ್ಯ ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಾನೆಂದು ಶೀನನಿಗೆ ಅಂದೇ ಗೊತ್ತಾದದ್ದು. ಗುಡ್ಡ ಅತ್ತ. ಕೆಂಪು ಮುಂಡಾಸಿನ ಪೊಲೀಸರು ಮೂಗೊರೆಸಿಕೊಂಡರು. ಕಿಟಕಿಯಲ್ಲಿ ಜಲಜ ಗೊಳೋ ಎಂದಳು. ಸ್ವತಃ ಹೆಣದ ಕಣ್ಣಿನ ಮೂಲೆಯಿಂದ ಒಂದು ಹನಿ ಇಳಿಯಿತು. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಬಾಗಿ ಅಜ್ಜಿ ಎಂಬತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ.

ಎಲ್ಲರೂ ಅಳುತ್ತಿರುವಾಗ ಮೊಮ್ಮಗ ಸುಮ್ಮನೆ ಕೂರುವುದು ಹೇಗೆ? ಶೀನ ಪಶ್ಚಾತ್ತಾಪವನ್ನೂ ಸೇರಿಸಿಕೊಂಡು "ಅಮ್ಮಮ್ಮಾ!" ಎಂದು ಅಜ್ಜಿಯ ಎದೆಯ ಮೇಲೆ ಬಗ್ಗಿದ.

ಜುಬ್ಬದ ಜೇಬಿನಿಂದ ಹಲ್ಲುಸೆಟ್ಟು ಜಾರಿ, ಬಿಳೀ ಬಟ್ಟೆಯ ನಟ್ಟನಡುವೆ ಬಿದ್ದು, ಕ್ಯಾಮೆರಾಕ್ಕೆ ಮುಖಮಾಡಿ ನಕ್ಕಿತು.

"ಕಟ್!"

ನಿರ್ದೇಶಕರು ಓಡಿ ಬಂದು ಶೆಟ್ಟರನ್ನು ತಬ್ಬಿಕೊಂಡರು. "ಏನ್ ಕಲಾವಿದರು ಸ್ವಾಮಿ ನೀವು! ಎಲ್ಲಿದ್ರಿ ಇಷ್ಟ್ ದಿನ?" ಆಮೇಲೆ ಮಾನಿಟರಿನ ಬಳಿ ಹೋಗಿ ಮತ್ತೆ ನೋಡಿದರು. ಅಲ್ಲಿಂದ ಬಂದ ಕೂಗಿಗೆ ತೆಂಗಿನಮರದ ಕಾಗೆಗಳು ಹಾರಿದವು.

"ಯಾರ್ದ್ರೀ ಈ ಹಲ್ಲು?"

"ನನ್ನದ್," ಎಂದು ಹೆಣ ಎದ್ದು ಕೂತಿತು. "ನಾ ಆಗ್ಳೇ ಹೇಳಿದ್ದೆ. ನನ್ನ್ ಬಾಯಗೇ ಇದ್ದಿದ್ರೆ ಯಾರಿಗೂ ಕಾಂತಿರ್ಲಿಲ್ಲೆ."

ಶೀನ ಕಣ್ಣು ಮುಚ್ಚಿಕೊಂಡ. ಟೈಟಲ್ಲು ಹೋಯಿತು, ಈಗ ಕೆಲಸವೂ ಹೋಯಿತು. ಸತ್ತ ಅಜ್ಜಿ ಹೆಡ್ ಕ್ಲಾರ್ಕರ ಎದುರು ಕೂತು ಹಲ್ಲು ಹಾಕಿಕೊಳ್ಳುತ್ತಿದ್ದಳು. ಆದರೆ ಯಾರೂ ಕಿರುಚಲಿಲ್ಲ. ಕಣ್ಣು ಬಿಟ್ಟರೆ, ಶೆಟ್ಟರು ಶಾಲಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಅಮ್ಮ, ಹುಷಾರಿದ್ರ್ಯಾ? ನಿಮ್ಮ್ ಮುಖ ಕಂಡದ್ದಕ್ಕೇ ನಂಗ್ ಅಳು ಬಂದದ್ ಕಾಣಿ."

"ಸರ್..." ಎಂದ ಶೀನ.

ಶೆಟ್ಟರು ಸೊಂಟದ ಪಂಚೆಯ ಮಡಿಕೆಯಿಂದ ಎರಡು ಹಳೆಯ ಕಾಗದ ತೆಗೆದರು. ಸುಗುಣ ತನ್ನ ರವಕೆಯೊಳಗಿಂದ ಅವರ ಕನ್ನಡಕ ತೆಗೆದು ಕೊಟ್ಟಳು.

"ಬೆಳಿಗ್ಗೆ ಇವ್ಳ್ ಚೀಟಿ ತಂದ್ಲ್. ನಿನ್ನ ಫೈಲಿಗೆ ಹಾಕುವ ಅಂದ್ ತೆಗ್ದೆ. ನಾ ಬಪ್ಪುಕಿಂತ ಮೊದ್ಲಿನ ಕಾಗ್ದ ಇದೆಲ್ಲ. ಎರಡ್ ಸಾವಿರ್ದ ಮೂರ್ನೇ ಇಸ್ವಿ: 'ನನ್ನ ತಂದೆಯ ತಾಯಿ ನಿಧನರಾದ ಕಾರಣ'. ಆರ್ನೇ ಇಸ್ವಿ: 'ನನ್ನ ತಾಯಿಯ ತಾಯಿ ನಿಧನರಾದ ಕಾರಣ'. ನಿನ್ನ ಅಂಕಣ ನಾ ವಾರ ವಾರ ಓದ್ತೆ ಶೀನ. ಮಲ್ಲಿಗಿ ಒಂದ್ ಜಡಿಯಿಂದ ಇನ್ನೊಂದಕ್ಕೆ ಹೋದ್ರೆ ಬಿಡೂನಲ್ಲ ನೀನ್. ಈಗ ಒಂಬತ್ತ್‌ನೇ ಇಸ್ವಿ. ಇವತ್ತ್ ಸತ್ತ ಈ ಮೂರ್ನೇ ಅಜ್ಜಿ ಯಾರ್ ಬದಿಯವ್ರ್?"

ಶೀನ ಬಾಯಿ ತೆರೆಯುವ ಮೊದಲೇ ಅಜ್ಜಿಯ ಹಲ್ಲು ಕಟಕಟ ಎಂದಿತು.

"ಆರ್ರಗೂ ನನ್ನನ್ನೇ ಕೊಂದ್ಯಾ!" ಎಂದಳು ಅಜ್ಜಿ. "ಆಗ ಎಂತಕೆ?"

"ಸಿನಿಮಾಕ್ಕೆ ಅಮ್ಮಮ್ಮ... ಮಂಗ್ಳೂರಗೆ ಮೊದ್ಲ್‌ನೇ ದಿನ..."

"ಒಳ್ಳೇ ಸಿನಿಮಾ ಆಗಿದ್ದಿತಾ?"

"ಇಲ್ಲೆ. ಬರೀ ತಪ್ಪ್."

"ಹಾಂಗಾರೆ ಗೊತ್ತಿದ್ದೂ ಎಂತಕೆ ಬಂದ್ರಿ ಸರ್?" ಎಂದು ಶೀನ ಶೆಟ್ಟರನ್ನು ಕೇಳಿದ, ಅಳುವ ಧ್ವನಿಯಲ್ಲಿ. ಈಗ ಮೂಗು ಹಿಡಿದುಕೊಳ್ಳುವ ಅಗತ್ಯವಿರಲಿಲ್ಲ.

"ನೀನೇ ಬರ್ದಿದ್ಯಲ್ಲ, ಶುಕ್ರವಾರ ನಮ್ಮನಿ ಅಂಗಳದಗೆ ಸಿನಿಮಾ ಅಂದ್. ಮುವತ್ತ್ ವರ್ಷ ಆಯ್ತ್ ಶೀನ ನಾ ಜನ್ರೆದ್ರ್ ಅತ್ತ್. ಗಡಿಯಾರ ಬಿಡಿ, ಕನ್ನಡ್ಕ ಬಿಡಿ, ಗಾಡಿ ದೂರ ನಿಲ್ಸಿ ಅಂದ್ ಇವ್ಳಿಗೂ ನಾನೇ ಹೇಳದ್. ನಿನ್ನ ಅಂಕಣ ಓದಿ ಕಲ್ತದ್ದೇ ಎಲ್ಲ."

ಇಷ್ಟನ್ನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ ನಿರ್ದೇಶಕರಿಗೆ ಈಗ ಒಂದು ವಿಷಯ ಹೊಳೆಯಿತು. ಅವರು ಶೆಟ್ಟರ ಕೈಯಲ್ಲಿದ್ದ ಕಾಗದಗಳನ್ನು ತೆಗೆದುಕೊಂಡು ಎರಡೆರಡು ಸಲ ಓದಿದರು.

"ಮೂರ್ ವರ್ಷಕ್ಕೊಂದ್ ಕಾಗದ. ಇದ್ರಲ್ಲಿ ತಪ್ಪು ಹಿಡಿದ್ರಾ ನೀವು? ಮೈಮೇಲೂ ಒಂದ್ ತಪ್ಪಿಲ್ಲ. ಸ್ವಾಮಿ, ನನಗೆ ಬೇಕಾದ ಮನುಷ್ಯ ನೀವು! ಬಿಸಿಲು ನೆತ್ತಿಗೆ ಬಂತು, ನಾಳೆ ಬೆಳಿಗ್ಗೆ ಈ ಶಾಟ್ ಮತ್ತೆ ತೆಗೀತೀನಿ. ನೀವೇ ಅಳ್ಬೇಕು, ನೀವೇ ತಪ್ಪೂ ನೋಡ್ಬೇಕು. ಟೈಟಲ್ನಲ್ಲಿ ಎರಡು ಕಡೆ ಹೆಸರು!"

'ಕಾಲದೋಷ ನಿವಾರಣೆ: ರಾಜೀವ ಶೆಟ್ಟಿ.' ಶೀನನ ಕಣ್ಣೆದುರು ದೊಡ್ಡ ಅಕ್ಷರಗಳು ತಮ್ಮಷ್ಟಕ್ಕೆ ಬದಲಾದವು.

"ನಾಳೆಗಾ?" ಎಂದು ಶೆಟ್ಟರು ಯೋಚಿಸಿದರು. "ನಾಳೆ ಶನಿವಾರ. ಹಾಲ್ ಟಿಕೆಟ್ ವಾರ. ಪ್ರಿನ್ಸಿಪಾಲ್ರ್ ರಜೆ ಕೊಡೂದಿಲ್ಲ."

ಬಾಯ್ಲರ್ ಕೋಳಿ ಗೂಡಿನೊಳಗೆ ಕೊಕ್ಕೆಂದಿತು. ಆಮೇಲೆ ಶೆಟ್ಟರ ಮುಖ ಮೆಲ್ಲಗೆ ಅರಳಿತು.

"ಶೀನ, ನೀ ಒಂದೂವರಿ ಬಸ್ಸಿಗ್ ಆಫೀಸಿಗ್ ಹೋಗ್. ಹಾಲ್ ಟಿಕೆಟ್ ಬರಿ. ನಿನ್ನ ಇವತ್ತಿನ ರಜೆ ನಾ ಕೊಡೂದಿಲ್ಲ. ಹೋಪುದ್ರೊಳ್ಗೆ ಒಂದ್ ಅರ್ಜಿ ಬರ್ದ್ ಕೊಟ್ಟ್ ಹೋಗ್, ನಂಗೆ. ನಿನ್ನ ಅಕ್ಷರ ಚಂದ, ಅಭ್ಯಾಸವೂ ಇತ್ತ್."

"ಎಂತ ಅಂದ್ ಬರೂದ್ ಸರ್?"

"ನನ್ನ್ ಎರಡ್ ಅಜ್ಜಿಯಕ್ಳೂ ನಾ ಶಾಲಿಗ್ ಹೋಪತಿಗೇ ಸತ್ತದ್. ಆರೆ ಫೈಲಿಗ್ ಅದ್ ಗೊತ್ತಿಲ್ಲೆ. ಇಪ್ಪತ್ತೆಂಟ್ ವರ್ಷ ಸರ್ವಿಸ್, ಒಬ್ರನ್ನೂ ಮುಟ್ಲಿಲ್ಲೆ ನಾನ್. ಇಬ್ರೂ ಬಾಕಿ ಇದ್ರ್."

ಶೀನ ಜಗಲಿಯ ತುದಿಯಲ್ಲಿ ಕೂತ. ಬೆಳಿಗ್ಗೆ ಊರವರಿಂದ ಕಿತ್ತುಕೊಂಡ ಬಾಲ್‌ಪೆನ್ನುಗಳಲ್ಲಿ ಒಂದನ್ನು ಎತ್ತಿಕೊಂಡ. 'ಮಾನ್ಯರೇ, ನನ್ನ' ಎಂದು ಬರೆದು ನಿಂತ. ಪಕ್ಕದಲ್ಲಿ ಬಾಗಿ ಅಜ್ಜಿ ಹೊಸದಾಗಿ ಹಾಕಿಕೊಂಡ ಹಲ್ಲಿನಿಂದ ಎಲೆಯಡಿಕೆ ಜಗಿಯುತ್ತ, ಅವನ ಅಕ್ಷರಗಳನ್ನೇ ನೋಡುತ್ತಿದ್ದಳು.

ಅವನು ತಲೆ ಎತ್ತಿ ಕೇಳಿದ: "ಯಾವ ಬದಿ ಅಜ್ಜಿ ಸರ್?"